ಗಟ್ಟಿಯಾಗಿ ಓದಬೇಕಾದ ಸುರುಳಿ

ಅಜ್ಜಂಪುರ
17-2-1985

ಶಕುಂತಲಾ,

ಎರಡು ವರ್ಷ ಮುಚ್ಚಿಟ್ಟ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀನು ಕಾಗದ ಹರಿದು ಒಲೆಗೆ ಹಾಕಿದರೂ ಸರಿ. ನಿನ್ನ ಹೊನ್ನಾದೇವಿಯನ್ನು ಕಲ್ಲು ಮಾಡಿದ ನಿಯಮ ಪುಸ್ತಕದಲ್ಲಿ ಇರಲಿಲ್ಲ. ಸುರುಳಿಯ ವಿಚಾರ ಬರೆದಿದ್ದ ಹಾಳೆಯೇ ಪುಸ್ತಕದಲ್ಲಿ ಇರಲಿಲ್ಲ. ನೀನು ನನ್ನ ಮುಖ ನೋಡಿ, "ಇದು ಪುಸ್ತಕದಲ್ಲಿದೆಯೇನೇ?" ಎಂದು ಕೇಳಿದೆ. ನಾನು "ಇದೆ" ಅಂದೆ. ಬೆರಳಿಟ್ಟು ಓದಿದ ಹಾಗೆ ಮಾಡಿದೆನಲ್ಲ, ಅದು ಹಗ್ಗ, ಕಂದೀಲು, ಕತ್ತೆಗಳ ಬೆಲೆಪಟ್ಟಿ.

ಸುಳ್ಳು ಎಲ್ಲಿ ನುಸುಳಿತು ಎಂದು ನನಗೇ ತಿಳಿಯಬೇಕಾಗಿರುವುದರಿಂದ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ ಆದರೂ ಓದು.

ಕಡೂರಿನಲ್ಲಿ ವಿಶಾಲಾಕ್ಷಮ್ಮನವರ ಹೊಲಿಗೆ ಕ್ಲಾಸು ಮುಗಿಸಿ ನಾವು ಬಸ್ಸಿನಲ್ಲಿ ಬೀರೂರಿಗೆ ಬರುವಷ್ಟರಲ್ಲಿ ನಾಲ್ಕೂವರೆ. ನಿನ್ನ ಶಿವಮೊಗ್ಗ ಗಾಡಿ, ನನ್ನ ಅಜ್ಜಂಪುರದ ಗಾಡಿ ಎರಡೂ ಆರರ ಮೇಲೆ. ಅಲ್ಲಿಯವರೆಗೆ ಜಂಕ್ಷನ್ನಿನ ಹೆಂಗಸರ ವೆಯಿಟಿಂಗ್ ರೂಮೇ ನಮ್ಮ ಮನೆ. ರೈಲ್ವೆ ಕ್ವಾರ್ಟರ್ಸಿನ ತೀರ್ಥ ಒಂದು ಸಂಜೆ ಆ ಇಂಗ್ಲಿಷ್ ಪುಸ್ತಕ ತಂದಳು. ಗಾಡಿ ತೊಳೆಯುವಾಗ ಸೀಟಿನ ಕೆಳಗೆ ಅವಳ ಅಪ್ಪನಿಗೆ ಸಿಕ್ಕಿದ್ದು, ಮುಂದಿನ ರಟ್ಟು ಇಲ್ಲ, ಯಾರೂ ಕೇಳಿಕೊಂಡು ಬರಲಿಲ್ಲ. ನೀನು ಪಿಯುಸಿ ಓದಿದವಳು, ನಿಘಂಟು ಇಟ್ಟುಕೊಂಡು ಆಟಕ್ಕೆ ಬೇಕಾದಷ್ಟನ್ನು ನಿಧಾನವಾಗಿ ಬಿಡಿಸಿ ಹೇಳಿದೆ. ಅದೊಂದು ಆಟದ ಪುಸ್ತಕ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬಳು ಕತೆ ನಡೆಸಬೇಕು, ಉಳಿದವರು ಆ ಕತೆಯೊಳಗೆ ಒಬ್ಬೊಬ್ಬರಾಗಿ ಹೋಗಬೇಕು. ಗೆದ್ದರೋ ಸೋತರೋ ಎನ್ನುವುದನ್ನು ದಾಳ ಹೇಳಬೇಕು. ದಾಳ ನಮ್ಮಲ್ಲಿರಲಿಲ್ಲ. ನಾಲ್ಕು ಕವಡೆ ಇದ್ದವು.

ಕತೆ ನಡೆಸುವವಳನ್ನು ಯಜಮಾನಿ ಎಂದು ಕರೆದವಳು ನೀನೇ. ಆ ಪಟ್ಟ ನನಗೆ ಸಿಕ್ಕಿದ್ದಕ್ಕೆ ಒಂದೇ ಕಾರಣ, ಮಲ್ಲಿಕಾ ಸುಳ್ಳು ಹೇಳುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ, ತಪಾಸಣೆಗೆ ಸಾಹೇಬರು ಬಂದಾಗ ಲೈಬ್ರರಿ ದಿನಾ ತೆಗೆಯುತ್ತಾರೆ ಎಂದು ಹೇಳಿ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಎದ್ದು ನಿಂತು, ಆ ಬಾಗಿಲಿನ ಬೀಗಕ್ಕೆ ತುಕ್ಕು ಹಿಡಿದಿದೆ ಸಾರ್ ಅಂದೆ. ಆಮೇಲೆ ದಿನಾ ಬೆಂಚಿನ ಮೇಲೆ ನಿಲ್ಲಿಸಿದರು. ಒಂದು ವಾರ ನಿಂತೆ, ಎಂಟನೇ ದಿನ ಹೋಗಲಿಲ್ಲ, ಮತ್ತೆಂದೂ ಹೋಗಲಿಲ್ಲ. ಈ ಕತೆಯನ್ನು ನೀವೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಿರಿ.

ಪುಸ್ತಕ ನನ್ನ ಚೀಲದಲ್ಲಿ ಇರುತ್ತಿತ್ತು. ಅದು ನಿನ್ನ ಕೊನೆಯ ಸಂಜೆ, ಮುಂದಿನ ವಾರ ನಿನ್ನ ಮದುವೆ. ಮಂತ್ರ ಬಲ್ಲ ನಿನ್ನ ಹೊನ್ನಾದೇವಿ, ತೀರ್ಥಳ ಕಳ್ಳ ಇಲಿರಾಯ, ವೆಯಿಟಿಂಗ್ ರೂಮಿನ ಆಯಾ ತಿಪ್ಪಮ್ಮನ ಕತ್ತಿವೀರೆ ಗುಂಡಬ್ಬೆ, ಮೂವರೂ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದರು. ನೀರು ಮೊಣಕಾಲಿನವರೆಗೆ ಬಂದಿತ್ತು. ಬಾಗಿಲು ತೆಗೆಯಲು ಉಳಿದಿದ್ದು ನಿನ್ನ ಕೈಯಲ್ಲಿದ್ದ ಸುರುಳಿ ಒಂದೇ. ಹೊಲಿಗೆ ಕ್ಲಾಸಿನ ಕಂದು ಕಾಗದದ ಮೇಲೆ ನಾನೇ ನಾಲ್ಕು ಸಾಲು ಹೊಸೆದು ಬರೆದು, ದಾರ ಕಟ್ಟಿ ಕೊಟ್ಟಿದ್ದು. ನಿಯಮ ನೋಡಲು ಪುಸ್ತಕ ತೆಗೆದೆ. ಹಾಳೆ ಇಲ್ಲ. ಅಮ್ಮ ಒಲೆ ಹಚ್ಚಲು ಹರಿದುಕೊಂಡಿದ್ದಾಳೆ ಅಂದುಕೊಂಡೆ. ಕಳೆದುಬಿಟ್ಟೆ ಎಂದು ಹೇಳಲು ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿದೆ: ಬೆಳಕಿರಬೇಕು, ಮಂತ್ರ ಬಲ್ಲವಳೇ ಓದಬೇಕು, ಗಟ್ಟಿಯಾಗಿ ಓದಬೇಕು, ಓದಿದ ಮೇಲೆ ಅಕ್ಷರ ಅಳಿಸಿಹೋಗುತ್ತದೆ, ಕವಡೆಯಲ್ಲಿ ಒಂದು ಬಿದ್ದರೆ ಮಂತ್ರ ಓದಿದವಳಿಗೇ ತಿರುಗಿ ಬಡಿಯುತ್ತದೆ.

ನೀನು ಓದಿದೆ. ಒಂದು ಬಿತ್ತು. ಹೊನ್ನಾದೇವಿ ಕಲ್ಲಾದಳು. ಗಾಡಿ ಬಂತು. ನೀನು ಹೋದೆ. ಮದುವೆಗೆ ನಾನು ಬಂದಾಗಲೂ ನೀನು ನನ್ನ ಕಡೆ ನೋಡಲಿಲ್ಲ.

ಇನ್ನೊಂದು ವಿಷಯ. ಹೋದ ವಾರ ಗಿರಣಿಯಲ್ಲಿ ಕರೆಂಟು ಇಲ್ಲದಾಗ ಕವಡೆಯನ್ನು ನೂರು ಸಲ ಎಸೆದು ಬರೆದುಕೊಂಡೆ. ಒಂದು ಬಿದ್ದದ್ದು ಇಪ್ಪತ್ತಾರು ಸಲ. ನಾಲ್ಕು ಬಿದ್ದದ್ದು ಏಳು, ಎಂಟು ಬಿದ್ದದ್ದು ಐದೇ ಸಲ. ಒಂದು ಅಪರೂಪಕ್ಕೆ ಬೀಳುತ್ತದೆ ಎಂದು ನಾನು ತಿಳಿದಿದ್ದೆ. ದಾಳದ ಲೆಕ್ಕವನ್ನು ಕವಡೆಗೆ ಹಾಕಿದ್ದೆ. ಸುಳ್ಳು ಹೇಳಿದ್ದಲ್ಲದೆ ಸುಳ್ಳನ್ನು ಭಾರವಾಗಿ ಬೇರೆ ಹೇಳಿದ್ದೇನೆ.

ಈಗೇಕೆ ಬರೆಯುತ್ತಿದ್ದೇನೆ ಎಂದರೆ, ತೀರ್ಥಳ ಅಪ್ಪನಿಗೆ ಮೈಸೂರಿಗೆ ವರ್ಗವಾಗಿದೆ. ಏಪ್ರಿಲ್ ಕೊನೆಗೆ ಹೊರಡುತ್ತಾರೆ. ಪುಸ್ತಕವೂ ಅವಳ ಜೊತೆ ಹೋಗುತ್ತದೆ. ನಾನು ಸ್ಕೂಲು ಅರ್ಧಕ್ಕೆ ಬಿಟ್ಟೆ, ಹೊಲಿಗೆ ಬಿಟ್ಟೆ, ಟೈಪಿಂಗ್ ಬಿಟ್ಟೆ, ಈಗ ಅಪ್ಪನ ಹಿಟ್ಟಿನ ಗಿರಣಿಯಲ್ಲಿ ಕೂತಿದ್ದೇನೆ. ಇದೊಂದನ್ನು ಮುಗಿಸಬೇಕು. ಆ ಇಬ್ಬರು ಇನ್ನೂ ಮೊಣಕಾಲುದ್ದ ನೀರಿನಲ್ಲಿ ಕಲ್ಲಿನ ಪಕ್ಕ ನಿಂತಿದ್ದಾರೆ. ಒಂದು ಭಾನುವಾರ ಬೀರೂರಿಗೆ ಬರುತ್ತೀಯಾ?

ಮಲ್ಲಿಕಾಂಬ


ಅಜ್ಜಂಪುರ
9-3-1985
(ಕಾರ್ಡು)

ಶಕುಂತಲಾ,

ಕಾಗದ ಸೇರಲಿಲ್ಲವೋ, ಸೇರಿಯೂ ಉತ್ತರ ಬೇಡವೆನಿಸಿತೋ? ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಮುಗಿದಿದೆ, ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ನಿನ್ನನ್ನು ಕಲ್ಲು ಮಾಡಿದ್ದು ನಾನೇ. ಮಂತ್ರ ತಿರುಗಿ ಬಡಿದದ್ದು ನನ್ನ ತಪ್ಪಿನಿಂದ. ಬೀರೂರಿಗೆ ಬಂದರೆ ಬಿಡಿಸುತ್ತೇನೆ. ತಿಪ್ಪಮ್ಮ ಕವಡೆ ಇಟ್ಟುಕೊಂಡು ಕಾಯುತ್ತಿದ್ದಾಳೆ. ಏಪ್ರಿಲ್ ದಾಟಿದರೆ ಯಾರಿಂದಲೂ ಆಗುವುದಿಲ್ಲ.

ಮಲ್ಲಿಕಾ


ತರೀಕೆರೆ
14-3-1985

ಮಲ್ಲಿಕಾ,

ನಿನಗೆ ತಲೆ ಇದೆಯೇನೇ? ಕಾರ್ಡಿನಲ್ಲಿ ಬರೆಯುವ ಮಾತೇ ಅದು?

ನಮ್ಮ ಬೀದಿಯಲ್ಲಿ ಕಾರ್ಡು ಬಂದರೆ ಪೋಸ್ಟ್‌ಮ್ಯಾನ್ ರಾಮಯ್ಯನವರೇ ಓದಿ ಕೊಟ್ಟು ಹೋಗುವುದು ರೂಢಿ. ನಮ್ಮತ್ತೆ ಲಿಂಗಮ್ಮನವರಿಗೆ ಓದು ಬರದು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಜಗಲಿಯಲ್ಲಿ ಅತ್ತೆ, ಪಕ್ಕದ ಮನೆಯ ಇಬ್ಬರು ಹೆಂಗಸರು, ಹಪ್ಪಳ ಒಣಗಿಸುತ್ತಿದ್ದರಂತೆ. ರಾಮಯ್ಯ "ನಿನ್ನನ್ನು ಕಲ್ಲು ಮಾಡಿದ್ದು ನಾನೇ" ಎನ್ನುವವರೆಗೆ ಓದಿ ನಿಲ್ಲಿಸಿದರಂತೆ. ಅತ್ತೆ ಪೂರ್ತಿ ಓದಿಸಿದರು. ಎರಡು ಸಲ ಓದಿಸಿದರು.

ನಾನು ಒಳಗೆ ಬಂದಾಗ ಒಲೆಯ ಮುಂದೆ ಒಣಮೆಣಸಿನಕಾಯಿ, ಉಪ್ಪು, ಹಳೇ ಪೊರಕೆ ಕಡ್ಡಿ ಸಿದ್ಧವಾಗಿದ್ದವು. ನನ್ನನ್ನು ಕೂರಿಸಿ ಮೂರು ಸುತ್ತು ನಿವಾಳಿಸಿ ಬೆಂಕಿಗೆ ಹಾಕಿದರು. ಮನೆ ತುಂಬಾ ಘಾಟು. ಕೆಮ್ಮಿ ಕೆಮ್ಮಿ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, "ನೋಡ್ರೇ, ಬಿಡ್ತಾ ಐತೆ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದನ್ನು ನೋಡಿ ಅವರಿಗೆ ಇನ್ನೂ ಗಾಬರಿ. ಈ ಮನೆಗೆ ಬಂದ ಮೇಲೆ ನಾನು ಹಾಗೆ ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ಆಮೇಲೆ ಅತ್ತೆ ಒಂದು ಮಾತು ಹೇಳಿದರು. ಅದು ಮನಸ್ಸಿನಲ್ಲೇ ಕೂತಿದೆ. "ಬಂದು ಎರಡು ವರ್ಸ ಆಯ್ತು, ಕೇಳಿದ್ರೆ ಹೂಂ, ಕೇಳದಿದ್ರೆ ಅದೂ ಇಲ್ಲ. ಕಲ್ಲಿನಂಗೆ ಕೂತಿರ್ತಿದ್ದೆ. ಮಾಡ್ಸಿದ್ದು ಯಾರು ಅಂತ ಇವತ್ತು ಗೊತ್ತಾಯ್ತು ಬಿಡು."

ಅದು ಆಟ ಎಂದರೆ ನಂಬುತ್ತಿಲ್ಲ. ಸುಳ್ಳು ಹೇಳದವಳು ನೀನಲ್ಲವೇ, ನೀನೇ ಬರೆದು ಒಪ್ಪಿಸು. ಬೀರೂರಿನ ಮಾತು ಆಮೇಲೆ. ನಿನ್ನ ಮೊದಲ ಕಾಗದ ಸೇರಿದೆ. ಅದಕ್ಕೆ ಈಗ ಉತ್ತರ ಬರೆಯಲಾರೆ, ಕಾರಣ ಇದೆ.

ಶಕುಂತಲಾ


ಅಜ್ಜಂಪುರ
18-3-1985

ಲಿಂಗಮ್ಮನವರಿಗೆ ಅಜ್ಜಂಪುರದ ಗಿರಣಿ ದೇವೀರಪ್ಪನವರ ಮಗಳು ಮಲ್ಲಿಕಾಂಬ ಮಾಡುವ ನಮಸ್ಕಾರ.

ರಾಮಯ್ಯನವರೇ, ಇದನ್ನು ದಯವಿಟ್ಟು ನಿಧಾನವಾಗಿ ಓದಿ ಹೇಳಿ. ನಡುವೆ ನಿಲ್ಲಿಸಬೇಡಿ.

ಅಮ್ಮಾ, ನಾನು ಮಾಟ ಮಾಡುವವಳಲ್ಲ. ನನಗೆ ಬರುವ ಮಂತ್ರ ನಾನೇ ಹೊಸೆದ ನಾಲ್ಕು ಸಾಲು, ಅದರಿಂದ ಒಂದು ಇರುವೆಯೂ ಅಲ್ಲಾಡುವುದಿಲ್ಲ. ಚೌಕಾಬಾರದಲ್ಲಿ ನಿಮ್ಮ ಕಾಯಿ ಕಡಿದರೆ ನೀವು ಸಾಯುತ್ತೀರಾ? ಇದೂ ಹಾಗೆಯೇ. ಚೌಕಾಬಾರದಲ್ಲಿ ಕಾಯಿಗೆ ಹೆಸರಿಲ್ಲ, ನಮ್ಮ ಆಟದಲ್ಲಿ ಇದೆ, ಅಷ್ಟೇ ವ್ಯತ್ಯಾಸ. ನಿಮ್ಮ ಸೊಸೆಯ ಕಾಯಿಯ ಹೆಸರು ಹೊನ್ನಾದೇವಿ. ಕಲ್ಲಾದದ್ದು ಅವಳು.

ಆದರೂ ತಪ್ಪು ನನ್ನದು. ಇಲ್ಲದ ನಿಯಮವನ್ನು ಇದೆ ಎಂದು ಹೇಳಿ ಅವಳ ಕಾಯಿ ಕಡಿದೆ. ಆಟದಲ್ಲಿ ಮೋಸ ಮಾಡಿದವರನ್ನು ನಿಮ್ಮ ಜಗಲಿಯಲ್ಲಿ ಏನು ಮಾಡುತ್ತೀರೋ ಅದನ್ನು ಮಾಡಿ, ನಾನು ಒಪ್ಪುತ್ತೇನೆ. ಶಕುಂತಲಾ ನಮ್ಮ ಜೊತೆ ಇದ್ದಾಗ ನಮ್ಮೆಲ್ಲರಿಗಿಂತ ಹೆಚ್ಚು ಮಾತನಾಡುತ್ತಿದ್ದಳು. ಗಾಡಿ ಹೊರಟ ಮೇಲೂ ಕಿಟಕಿಯಲ್ಲಿ ಕೂತು ಕೂಗುತ್ತಿದ್ದಳು. ಅವಳನ್ನು ಆಡಿಸಿ ನೋಡಿ. ಹೇಗೆಂದು ಅವಳೇ ಹೇಳಿಕೊಡುತ್ತಾಳೆ.

ನಿಮ್ಮ
ಮಲ್ಲಿಕಾಂಬ


ತರೀಕೆರೆ
2-4-1985

ಮಲ್ಲಿಕಾಂಬಂಗೆ ಲಿಂಗಮ್ಮ ಹೇಳಿ ಬರೆಸಿದ್ದು. ನಾನು ಹೇಳಿದ್ದನ್ನ ಹೇಳಿದಂಗೇ ಬರೀಬೇಕು ಅಂತ ರಾಮಯ್ಯಂಗೆ ಹೇಳಿವ್ನಿ.

ತಾಯಿ, ನಿನ್ ಕಾಗದ ಕೇಳ್ದೆ. ಮೆಣಸಿನಕಾಯಿ ಸುಮ್ನೆ ಹಾಳಾಯ್ತು. ಹೋಗ್ಲಿ ಬಿಡು.

ಸೊಸೆ ಆಡ್ಸಿದ್ಲು. ಊಟ ಆದ್ಮೇಲೆ ಅಡುಗೆಮನೇಲಿ ಕೂತು ಮೊನ್ನೆಯಿಂದ ನಾವು ಒಂದು ಕೋಟೆಗೆ ನುಗ್ತಾ ಇದೀವಿ. ನಂದು ಒಂದು ಆಳು, ಹೆಸರು ಲಿಂಗಮ್ಮ ಅಂತಲೇ ಇಟ್ಕೊಂಡಿವ್ನಿ, ಬೇರೆ ಹೆಸರು ಯಾಕೆ. ನಮ್ ಸೊಸೆ ಕತೆ ಹೇಳೋವಾಗ ಬಾಯಿ ನೋಡ್ಬೇಕು. ನನ್ ಮಗ ಬಸ್ಸಿಂದ ಬಂದು ಬಾಗಿಲಲ್ಲೇ ನಿಂತು ಕೇಳ್ತಾ ಇದ್ದ, ಅನ್ನ ಹಾಕು ಅಂತ ಕೇಳೋದೂ ಮರ್ತಿದ್ದ.

ಈಗ ನ್ಯಾಯದ ಮಾತು. ನಾಲ್ಕು ಕವಡೇಲಿ ಒಂದು ಬೀಳೋದು ಬಲು ಸಲೀಸು. ಐವತ್ತು ವರ್ಸದಿಂದ ಆಡ್ತಿವ್ನಿ. ಯಾವ ಬುದ್ಧಿವಂತಳೂ ಒಂದರ ಮೇಲೆ ಜೀವ ಇಡಾಕಿಲ್ಲ. ಅದು ನಿನ್ ಮೊದಲನೇ ತಪ್ಪು.

ಎರಡನೇದು ಕೇಳು. ಆ ಸುರುಳಿ ಗಟ್ಟಿಯಾಗಿ ಓದ್ಬೇಕು ಅಂತ ನೀನೇ ಹೇಳಿದ್ದಂತೆ. ಇವಳು ಗಟ್ಟಿಯಾಗಿ ಓದಿದ್ಲಂತೆ. ಹಂಗಾದ್ರೆ ಪಕ್ಕದಲ್ಲಿ ನಿಂತಿದ್ದೋರಿಗೆ ಕಿವಿ ಇರ್ಲಿಲ್ವಾ? ನಂಗೆ ಒಂದಕ್ಷರ ಬರಾಕಿಲ್ಲ, ಆದ್ರೆ ರಾಗಿ ಬೀಸೋ ಪದ ನೂರಿಪ್ಪತ್ತು ಬರ್ತವೆ, ಎಲ್ಲಾ ಕೇಳಿ ಕಲ್ತಿದ್ದೇ. ಕಾಗದದ ಮೇಲೆ ಅಕ್ಷರ ಅಳಿಸಿಹೋದ್ರೆ ಹೋಗ್ಲಿ, ಕಿವೀಲಿ ಇರೋದು ಹೆಂಗೆ ಅಳಿಸ್ತದೆ? ಆ ತಿಪ್ಪಮ್ಮನ ಆಳು ಹೇಳ್ಬಹುದೋ ಇಲ್ವೋ? ಓದಾಕೆ ಬರ್ದೋರು ಕೇಳಿ ಕಲ್ತು ಹೇಳಿದ್ರೆ ಮಂತ್ರ ನಡೀತದೋ ಇಲ್ವೋ? ಯಜಮಾನಿ ನೀನು, ನೀನು ಹೇಳು.

(ಇದು ನಾನು, ರಾಮಯ್ಯ. ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಕೋಟೆಯಲ್ಲಿ ಕಾವಲುಗಾರನಾಗಿ ನನ್ನನ್ನೂ ಸೇರಿಸಿದ್ದಾರೆ, ಮಧ್ಯಾಹ್ನದ ಟಪಾಲು ಹಂಚಿ ಬಂದ ಮೇಲೆ.)

ಲಿಂಗಮ್ಮ, ಹೆಬ್ಬೆಟ್ಟು


ತರೀಕೆರೆ
6-4-1985

ಮಲ್ಲಿಕಾ,

ಅತ್ತೆ ಎಲ್ಲವನ್ನೂ ಬರೆಸಿದ್ದಾರೆ, ನಾನು ಬರೆಯಬೇಕಾದ್ದು ಮಾತ್ರ ಉಳಿದಿದೆ. ಈ ಕಾಗದದ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಬಿಡಿಸಿ ನೋಡು.

ನಿಮ್ಮಮ್ಮ ಒಲೆಗೆ ಹಾಕಲಿಲ್ಲ. ಹರಿದವಳು ನಾನು.

ಕೊನೆಯ ಸಂಜೆಗೆ ಎರಡು ದಿನ ಮುಂಚೆ, ನೀನು ಟಿಕೇಟಿಗೆ ಹೋದಾಗ ನಿನ್ನ ಚೀಲದಿಂದ ತೆಗೆದೆ. ಮದುವೆಯಾಗಿ ಹೋಗುವವಳು, ಈ ಆಟದ್ದು ಏನಾದರೂ ನನ್ನ ಹತ್ತಿರ ಇರಲಿ ಅನಿಸಿತು. ನನ್ನ ಸುರುಳಿ ಏನೇನು ಮಾಡಬಲ್ಲದು ಎಂದು ಮೊದಲೇ ತಿಳಿದುಕೊಳ್ಳುವ ಆಸೆಯೂ ಇತ್ತು. ಇಲಿರಾಯ ತೀರ್ಥಳಲ್ಲ, ನಾನು. ಆ ಸಂಜೆ ನೀನು ಬೆಲೆಪಟ್ಟಿಯ ಮೇಲೆ ಬೆರಳಿಟ್ಟು "ಇದೆ" ಅಂದಾಗ ನಿಜವಾದ ಹಾಳೆ ನನ್ನ ಹೊಲಿಗೆ ಡಬ್ಬಿಯಲ್ಲಿತ್ತು. ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಗೊತ್ತಿದ್ದವಳು ಇಡೀ ಕೋಣೆಯಲ್ಲಿ ನಾನೊಬ್ಬಳೇ. ಹೇಳಿದರೆ ನಾನು ಕಳ್ಳಿ. ಹೇಳದಿದ್ದರೆ ಹೊನ್ನಾದೇವಿ ಕಲ್ಲು. ನಾನು ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು.

ಸಿಟ್ಟು ಬಂದದ್ದು ಹೊನ್ನಾದೇವಿಗಾಗಿ ಅಲ್ಲ. ಮಲ್ಲಿಕಾ ಕೂಡ ಸುಳ್ಳು ಹೇಳುತ್ತಾಳೆ ಎನ್ನುವುದಕ್ಕೆ. ಎರಡು ವರ್ಷ ನಿನ್ನ ಮೇಲೆ ಸಿಟ್ಟಾಗಿದ್ದೆ, ಕದ್ದವಳು ನಾನು ಎಂಬುದನ್ನು ಮರೆತು.

ಈಗ ಹಾಳೆಯ ವಿಚಾರ. ನಿನಗೆ ಇಂಗ್ಲಿಷು ಸರಾಗವಾಗಿ ಓಡುವುದಿಲ್ಲ ಎಂದು ಕನ್ನಡದಲ್ಲಿ ಹೇಳುತ್ತೇನೆ. ಬೆಳಕಿರಬೇಕು ಎಂದಿದೆ. ಮಂತ್ರ ಬಲ್ಲವರೇ ಓದಬೇಕು, ಗಟ್ಟಿಯಾಗಿ ಓದಬೇಕು, ಓದಿದ ಮೇಲೆ ಅಕ್ಷರ ಅಳಿಯುತ್ತದೆ, ಎಲ್ಲವೂ ಇದೆ! ನೀನು ಬಾಯಿಗೆ ಬಂದದ್ದು ಹೇಳಿದೆ ಅಂದೆಯಲ್ಲ, ಐದರಲ್ಲಿ ನಾಲ್ಕು ಸರಿ. ಐದನೆಯದೊಂದೇ ತಪ್ಪು: ದಾಳ ಕೈಕೊಟ್ಟರೆ ಮಂತ್ರ ವ್ಯರ್ಥವಾಗುತ್ತದೆ ಅಷ್ಟೇ, ಓದಿದವರಿಗೆ ಏನೂ ಆಗುವುದಿಲ್ಲ. ಹಾಳೆಯ ಕೊನೆಯ ಸಾಲು ಓದಿ ನನಗೆ ಅವತ್ತೇ ಹೊಟ್ಟೆ ಉರಿದಿತ್ತು. ಇಲ್ಲಿ ಬರೆದಿಲ್ಲದ್ದು ಎದುರಾದರೆ ಆಟ ನಡೆಸುವವರು ತಾವೇ ತೀರ್ಮಾನಿಸಬಹುದು ಎಂದಿದೆ. "ಹಾಳೆ ಇಲ್ಲ, ನಾನು ಹೇಳ್ತಿದೀನಿ" ಎಂದಿದ್ದರೆ ಸಾಕಿತ್ತು ಕಣೇ. ಸುಳ್ಳೇ ಬೇಕಿರಲಿಲ್ಲ.

ಆದರೆ ಕೇಳು, ಹಾಳೆ ಸಿಕ್ಕಿತು ಎಂದು ಹೊನ್ನಾದೇವಿಯನ್ನು ಸುಮ್ಮನೆ ಎಬ್ಬಿಸಬೇಡ. ಅವತ್ತು ನಾನು ಒಪ್ಪಿ ಕವಡೆ ಎಸೆದಿದ್ದೇನೆ. ಕರುಣೆಗೆ ಏಳುವವಳಲ್ಲ ಅವಳು. ಅತ್ತೆ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡು.

ಶಕುಂತಲಾ


ಅಜ್ಜಂಪುರ
15-4-1985

ಶಕುಂತಲಾ,

ಹಾಳೆ ನೋಡಿ ಗಿರಣಿಯಲ್ಲಿ ಒಬ್ಬಳೇ ನಗುತ್ತಿದ್ದೆ. ಅಮ್ಮ ಬಂದು ಏನೆಂದು ಕೇಳಿದಳು. ನೀನು ಒಲೆಗೆ ಹಾಕಿದ್ದೀಯ ಎಂದು ಎರಡು ವರ್ಷ ಮನಸ್ಸಿನಲ್ಲೇ ಬೈದೆ, ತಪ್ಪಾಯಿತು ಅಂದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಕ್ಷಮಿಸಿದಳು.

ನೀನು ಕದ್ದೆ, ನಾನು ಸುಳ್ಳು ಹೇಳಿದೆ. ನೀನು ಕದ್ದದ್ದರಿಂದ ನನ್ನ ಸುಳ್ಳು ಚಿಕ್ಕದಾಗುವುದಿಲ್ಲ. ಇದನ್ನು ಇನ್ನು ಎಳೆಯುವುದು ಬೇಡ.

ನಿಮ್ಮತ್ತೆಯವರ ಪ್ರಶ್ನೆಗೆ ಒಂದು ವಾರ ಯೋಚಿಸಿದೆ. ಪುಸ್ತಕ ಬರೆದವರಿಗೆ ಇದು ತೋಚಿಯೇ ಇಲ್ಲ. ಅವರ ಕಡೆ ಎಲ್ಲರೂ ಓದಿಯೇ ಕಲಿಯುತ್ತಾರೋ ಏನೋ. ಆದ್ದರಿಂದ ಯಜಮಾನಿಯ ತೀರ್ಮಾನ ಹೀಗಿದೆ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳು. ಇದು ಪುಸ್ತಕದಲ್ಲಿ ಇಲ್ಲ. ನಾನು ಹೇಳುತ್ತಿದ್ದೇನೆ. ಸುರುಳಿಯನ್ನು ಗಟ್ಟಿಯಾಗಿ ಓದುವಾಗ ಕಿವಿಯಾರೆ ಕೇಳಿದವರು, ಓದು ಬರಲಿ ಬಿಡಲಿ, ಅದನ್ನು ಒಂದು ಸಲ ಬಾಯಲ್ಲಿ ಹೇಳಬಹುದು. ಒಂದಕ್ಷರ ತಪ್ಪಬಾರದು. ಯಾರೂ ಎತ್ತಿಕೊಡಬಾರದು. ಸರಿಯಾಗಿ ಹೇಳಿದರೆ ಬಾಗಿಲು ತೆಗೆಯುತ್ತದೆ, ಮಂತ್ರ ಹಿಡಿದುಕೊಂಡವಳನ್ನೂ ಬಿಡುತ್ತದೆ. ತಪ್ಪಿದರೆ ಮಾತು ಗಾಳಿಗೆ ಹೋಯಿತು, ಮತ್ತೆ ಬರುವುದಿಲ್ಲ. ಕವಡೆ ಬೇಡ. ನೆನಪೇ ಕವಡೆ.

ಹೀಗೆ ತೀರ್ಮಾನ ಮಾಡಿಕೊಂಡು ನಿನ್ನೆ ಬೀರೂರಿಗೆ ಹೋದೆ. ತಿಪ್ಪಮ್ಮ ನೆಲ ಒರೆಸುತ್ತಿದ್ದಳು. ಆ ಸಾಲು ನೆನಪಿದೆಯಾ ಎಂದು ಕೇಳುವುದೇ ತಡ, ಒರೆಸುವ ಬಟ್ಟೆಯನ್ನು ಆ ಕಡೆ ಈ ಕಡೆ ಎಳೆಯುತ್ತಾ ಹೇಳಿದಳು:

ಕಲ್ಲಿನ ಕದವೇ, ಕಿವಿಗೊಟ್ಟು ಕೇಳು,
ನೀರಿನ ದಾರಿಗೆ ಪಕ್ಕಕ್ಕೆ ಸರಿ,
ಒಳಗಿನ ಜೀವಕ್ಕೆ ಹೊರಗಿನ ಹಗಲು…

ಅಷ್ಟಕ್ಕೇ ನಿಂತಳು. ಮರೆತೆಯಾ ಅಂದೆ. ಅವಳಿಗೆ ಸಿಟ್ಟೇ ಬಂತು. "ಮರೆಯೋದೇನು ಬಂತವ್ವಾ, ನಾಕ್ನೇದು ಓದೋ ಹೊತ್ಗೆ ಶಿವಮೊಗ್ಗ ಗಾಡಿ ಕೂಗು ಹಾಕ್ತು. ಕೇಳ್ಸೇ ಇಲ್ಲ."

ಅಲ್ಲೇ ಇದ್ದ ತೀರ್ಥ, ನೆಲಮಾಳಿಗೆಯಲ್ಲಿ ಯಾವ ಗಾಡಿಯೂ ಕೂಗಲಿಲ್ಲ, ಆದ್ದರಿಂದ ಗುಂಡಬ್ಬೆಗೆ ಕೇಳಿಸಿದೆ ಎಂದು ವಾದ ಮಾಡಿದಳು. ತಿಪ್ಪಮ್ಮ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ ಹೇಳಿದಳು, "ನನ್ ಕಿವಿಗೆ ಬೀಳದ್ದು ಗುಂಡಬ್ಬೆ ಕಿವಿಗೆ ಬಿತ್ತು ಅಂತ ನಾನು ಹೆಂಗೆ ಹೇಳ್ಲಿ? ಸುಳ್ಳಾಗಲ್ವಾ?" ನನ್ನನ್ನು ನೋಡಿ ಹೇಳಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ.

ಆಗ ತೀರ್ಥ ಒಂದು ವಿಷಯ ಹೊರಗೆ ಹಾಕಿದಳು. ಮೊದಲ ಮೂರು ಸಾಲಿಗೆ ಅವಳು ಗಮನವನ್ನೇ ಕೊಟ್ಟಿರಲಿಲ್ಲವಂತೆ, ಗಾಡಿ ಬಂತೇ ಎಂದು ಬಾಗಿಲ ಕಡೆ ನೋಡುತ್ತಿದ್ದಳಂತೆ. ಗಾಡಿ ಕೂಗಿದ ಕೂಡಲೇ ನಿನ್ನ ಮಗ್ಗುಲಿಗೆ ಬಂದು ಬಗ್ಗಿದಳು. ನಾಲ್ಕನೆಯ ಸಾಲು ಅವಳ ಕಿವಿಯ ಹತ್ತಿರವೇ ಬಿತ್ತು. ನೆನಪಿದೆ ಎನ್ನುತ್ತಾಳೆ. ಈಗ ಹೇಳುವುದಿಲ್ಲವಂತೆ, ಹೇಳಿದರೆ ಗಾಳಿಗೆ ಹೋಗುತ್ತದಂತೆ. ನನ್ನ ನಿಯಮ ನನಗೇ ಹಿಂದಕ್ಕೆ ಬಂತು.

ಇಬ್ಬರು ಸೇರಿ ಹೇಳಬಹುದು, ತಿಪ್ಪಮ್ಮ ನೆಲ ಒರೆಸುತ್ತಾ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ಇನ್ನೊಂದು ತೀರ್ಮಾನ ಕೊಟ್ಟಿದ್ದೇನೆ. ಇದೂ ಪುಸ್ತಕದಲ್ಲಿ ಇಲ್ಲ.

ತೀರ್ಥ ಮಂಗಳವಾರ ಮೂವತ್ತಕ್ಕೆ ಹೊರಡುತ್ತಾಳೆ. ಏಪ್ರಿಲ್ ಇಪ್ಪತ್ತೆಂಟು ಭಾನುವಾರ. ಬರುತ್ತೀಯಾ?

ಮಲ್ಲಿಕಾ


ತರೀಕೆರೆ
21-4-1985
(ಕಾರ್ಡು)

ಮಲ್ಲಿಕಾ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಯಾರು ಬೇಕಾದರೂ ಓದಲಿ. ಬರುತ್ತೇನೆ. ಅತ್ತೆಯೂ ಬರುತ್ತಾರೆ. ರೊಟ್ಟಿ ಬುತ್ತಿ, ಅವರ ಕವಡೆ ಎಲ್ಲಾ ಕಟ್ಟಿ ಆಗಿದೆ. ಕವಡೆ ಬೇಡ ಎಂದು ನೀನು ತೀರ್ಮಾನಿಸಿದ್ದು ಅವರಿಗೆ ಒಪ್ಪಿಗೆಯಿಲ್ಲ. ಅಲ್ಲಿ ಬಂದು ಜಗಳ ಮಾಡುತ್ತಾರಂತೆ. ನಮ್ಮನೆಯವರು ತಾವು ಟಿಕೇಟು ಕೊಡುವ ಬಸ್ಸಿನಲ್ಲೇ ನಮ್ಮನ್ನು ಕೂರಿಸುತ್ತಾರೆ. ಕೋಟೆಯ ಕಾವಲುಗಾರನಿಗೆ ಭಾನುವಾರ ರಜೆ ಇದ್ದರೂ ಮನೆಯಲ್ಲಿ ಒಪ್ಪಿಲ್ಲವಂತೆ.

ಶಕುಂತಲಾ


ಅಜ್ಜಂಪುರ
27-4-1985

ಶಕುಂತಲಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಆಟ ಶುರುವಾಗುವ ಮುಂಚೆ ನಿನ್ನ ಕೈಗೇ ಕೊಡುತ್ತೇನೆ. ಅಲ್ಲಿ ಎಲ್ಲರ ಮುಂದೆ ಹೇಳಲಾಗದು, ಹೇಳದೆಯೂ ಇರಲಾಗದು.

ಹರಿದ ಹಾಳೆಯನ್ನು ಗೋಂದು ಹಚ್ಚಿ ಪುಸ್ತಕದೊಳಗೆ ಅಂಟಿಸಿದ್ದೇನೆ. ಅದರ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಲಿಂಗಮ್ಮನವರ ನಿಯಮವನ್ನು ಕನ್ನಡದಲ್ಲಿ ಬರೆದು, ಇದು ಬೀರೂರಿನಲ್ಲಿ ಸೇರಿಸಿದ್ದು ಎಂದು ಹಾಕಿದ್ದೇನೆ. ಮೈಸೂರಿನಲ್ಲಿ ತೀರ್ಥ ಯಾರ ಜೊತೆ ಆಡಿದರೂ ಅವರಿಗೆ ಗೊತ್ತಿರಲಿ. ನನ್ನ ಹತ್ತಿರ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ನಿಯಮವನ್ನೂ ಇಳಿಸಿಕೊಂಡಿದ್ದೇನೆ. ಅರ್ಥವಾಗದ ಕಡೆ ಚಿತ್ರ ಬರೆದಿದ್ದೇನೆ. ಕೊನೆಯ ಪುಟದವರೆಗೂ ಬರೆದೆ ಕಣೇ. ನಾನು ಕೊನೆಯ ಪುಟದವರೆಗೆ ಬರೆದ ಮೊದಲ ನೋಟ್‌ಬುಕ್ಕು ಇದು.

ಈಗ ಹೇಳಬೇಕಾದ್ದು. ಆ ನಾಲ್ಕು ಸಾಲನ್ನು ಹೊಸೆದವಳು ನಾನು. ಸುರುಳಿಯ ಅಕ್ಷರ ಅಳಿಯಬೇಕೆಂದು ಅವತ್ತೇ ಕಾಗದವನ್ನು ಚೂರು ಮಾಡಿ ಗಾಡಿಯ ಕಿಟಕಿಯಿಂದ ಬಿಟ್ಟಿದ್ದೂ ನಾನೇ. ಒಂದು ವಾರದಿಂದ ಹಿಟ್ಟು ಬೀಸುತ್ತಾ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ತಿಪ್ಪಮ್ಮ ಹೇಳಿದ ಮೂರು ಬರುತ್ತವೆ. ನಾಲ್ಕನೆಯದು ನನಗೆ ನೆನಪಿಲ್ಲ. ತೀರ್ಥ ನಾಳೆ ಏನೇ ಹೇಳಿದರೂ ಅದು ಸರಿಯೋ ತಪ್ಪೋ ಯಜಮಾನಿಗೆ ತಿಳಿಯುವುದಿಲ್ಲ. ತಿಳಿದವಳ ಹಾಗೆ ತಲೆಯಾಡಿಸಿಬಿಡಬಹುದು, ಬೆಲೆಪಟ್ಟಿಯ ಮೇಲೆ ಬೆರಳಿಟ್ಟ ಹಾಗೆ. ಆಡಿಸುವುದಿಲ್ಲ.

ಅದನ್ನು ಓದಿದವಳು ನೀನು. ನಿನಗೆ ನೆನಪಿರುತ್ತದೆ, ನಿನಗೆ ಎಲ್ಲವೂ ನೆನಪಿರುತ್ತದೆ. ಆದರೆ ನೀನು ಕಲ್ಲು, ಬಾಯಿ ಬಿಡುವಂತಿಲ್ಲ. ಆದ್ದರಿಂದ ಹೀಗೆ ಮಾಡು. ತಿಪ್ಪಮ್ಮ ಮೂರು ಸಾಲು ಹೇಳುವವರೆಗೆ, ತೀರ್ಥ ನಾಲ್ಕನೆಯದು ಮುಗಿಸುವವರೆಗೆ ಆ ಬೆಂಚಿನ ಮೇಲೆ ಅಲ್ಲಾಡದೆ ಕೂತಿರು. ತಪ್ಪಾಗಿದ್ದರೆ ಹಾಗೆಯೇ ಕೂತಿರು, ನಮಗೆ ತಿಳಿಯುತ್ತದೆ, ಯಾರೂ ಒಂದು ಮಾತೂ ಆಡುವುದಿಲ್ಲ. ನಮ್ಮ ಮೇಲಿನ ಪ್ರೀತಿಗೆ ಏಳಬೇಡ. ಸರಿಯಾಗಿದ್ದರೆ ಏನೂ ಹೇಳಬೇಡ, ಎದ್ದು ನಿಲ್ಲು. ಅಷ್ಟು ಸಾಕು.

ಅಮ್ಮ ಎಲ್ಲರಿಗೂ ಚಕ್ಕುಲಿ ಕಟ್ಟಿಕೊಟ್ಟಿದ್ದಾಳೆ. ಪುಸ್ತಕ, ನೋಟ್‌ಬುಕ್ಕು, ಬೆಳಕಿರಬೇಕಲ್ಲ, ಒಂದು ಮೇಣದ ಬತ್ತಿ, ಎಲ್ಲವನ್ನೂ ಚೀಲಕ್ಕೆ ಹಾಕಿದ್ದೇನೆ. ನಾಳೆ ಬೆಳಗಿನ ಗಾಡಿಗೆ ಹೊರಡುತ್ತೇನೆ.

ಮಲ್ಲಿಕಾ